ಪಂಪು ಬದಲಿಸುವ ಮುನ್ನ

ಕಳೆದ ವರ್ಷ ಆಷಾಢದ ಒಂದು ರಾತ್ರಿ, ಜ್ವರದಿಂದ ಪ್ರಜ್ಞೆ ತಪ್ಪಿದ್ದ ಹಿರಿಯರೊಬ್ಬರನ್ನು ಮಲಗಿಸಿಕೊಂಡು ನಮ್ಮೂರಿನಿಂದ ತೀರ್ಥಹಳ್ಳಿಗೆ ಹೊರಟ ಪಿಕಪ್ ವಾಹನವು ಏರುದಾರಿಯ ಮೂರನೆಯ ತಿರುವಿನಲ್ಲಿ ನಿಂತುಹೋಯಿತು. ಅದರ ಮಾಲೀಕರೇ ಚಾಲಕರು. ಮೂವತ್ತು ವರ್ಷಗಳಿಂದ ಮಲೆನಾಡಿನ ರಸ್ತೆಗಳಲ್ಲಿ ಜೀಪು, ಲಾರಿ, ಟ್ರ್ಯಾಕ್ಟರುಗಳನ್ನು ಓಡಿಸಿದವರು. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಬೋಲ್ಟು ಸಡಿಲಿಸಿ, ಕೈಪಂಪು ಒತ್ತಿ ಅದನ್ನು ಹೊರಹಾಕುವುದು ಅವರಿಗೆ ಕತ್ತಲೆಯಲ್ಲೂ ಬರುವ ವಿದ್ಯೆ. ಆ ರಾತ್ರಿ ಅವರು ಬಾನೆಟ್ ಎತ್ತಿ, ಟಾರ್ಚು ಹಿಡಿದು ನೋಡಿ, ಏನನ್ನೂ ಮುಟ್ಟದೆ ಮುಚ್ಚಿದರು. ಅಲ್ಲಿ ಅವರ ಕೈಗೆ ದಕ್ಕುವಂಥದ್ದು ಏನೂ ಇರಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಎರಡು ಗಂಟೆಗಳ ಬಳಿಕ ಇಪ್ಪತ್ತು ವರ್ಷ ಹಳೆಯದಾದ ಇನ್ನೊಂದು ಪಿಕಪ್, ಕಪ್ಪು ಹೊಗೆ ಕಾರುತ್ತಾ ಬಂದು ರೋಗಿಯನ್ನು ಹತ್ತಿಸಿಕೊಂಡು ಹೋಯಿತು. ಹಿರಿಯರು ಬದುಕಿಕೊಂಡರು.

ಮುಂದಿನ ವಾರ ಆ ಮಾಲೀಕರು ನನ್ನ ಮನೆಯ ಜಗಲಿಯಲ್ಲಿ ಕುಳಿತು ಕೇಳಿದರು: "ಡಾಕ್ಟ್ರೇ, ಈ ಕಂಪ್ಯೂಟರ್ ಪಂಪು ಕಿತ್ತು ಹಾಕಿ ಹಳೇ ಮೈಕೋ ಪಂಪು ಕೂರಿಸ್ತೀನಿ ಅಂತ ಒಬ್ಬ ಹೇಳ್ತಾ ಇದ್ದಾನೆ. ನೀವೇನಂತೀರಿ?" ಬೆಳೆರೋಗಗಳ ಮೇಲೆ ಸಂಶೋಧನೆ ಮಾಡಿದವನನ್ನು ಊರವರು ಎಲ್ಲದಕ್ಕೂ ಡಾಕ್ಟರೆಂದೇ ನಂಬುತ್ತಾರೆ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಗ್ಯಾರೇಜುಗಳಲ್ಲಿ ಕುಳಿತು, ಪಂಪು ಬಿಚ್ಚುವುದನ್ನು ನೋಡಿ, ತಿಳಿದವರನ್ನು ಕೇಳಿ, ಓದಿ ಕಂಡುಕೊಂಡದ್ದನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಪರಿಸರದ ಪತ್ರಿಕೆಯಲ್ಲಿ ಡೀಸೆಲ್ ಪಂಪಿನ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಅಡಿಕೆ, ಕಾಳುಮೆಣಸು, ಶುಂಠಿ, ಹಾಲು, ಗೊಬ್ಬರ, ಮದುವೆಯ ದಿಬ್ಬಣ, ಕೊನೆಗೆ ನಮ್ಮ ರೋಗಿಗಳು ಕೂಡ ಇದೇ ಪಿಕಪ್‌ಗಳ ಬೆನ್ನ ಮೇಲೆ ಸಾಗುತ್ತಿರುವಾಗ, ಅವುಗಳ ಹೊಟ್ಟೆಯೊಳಗೆ ಏನಿರಬೇಕೆಂಬ ಪ್ರಶ್ನೆಯನ್ನು ನಾವು ಕಂಪನಿಗಳಿಗೆ ಮತ್ತು ಗ್ಯಾರೇಜುಗಳಿಗೆ ಮಾತ್ರ ಬಿಟ್ಟುಕೊಡಲಾಗದು.

ಮೊದಲು ಎರಡು ಪಂಪುಗಳ ವ್ಯತ್ಯಾಸವನ್ನು ತಿಳಿಯೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪ್ರತಿಯೊಬ್ಬ ರೈತನಿಗೂ ಇದರ ಅರ್ಧ ಪಾಠ ಈಗಾಗಲೇ ಗೊತ್ತಿದೆ. ದೋಟಿಯ ತುದಿಯ ನಾಜಲು ಹೊಸದಾಗಿದ್ದು ಒತ್ತಡ ಸರಿಯಿದ್ದರೆ ದ್ರಾವಣವು ಮಂಜಿನಂತೆ ಹರಡಿ ಗೊನೆಯ ಪ್ರತಿಯೊಂದು ಕಾಯಿಯನ್ನೂ ತಬ್ಬುತ್ತದೆ. ಒತ್ತಡ ಇಳಿದರೆ ಅಥವಾ ನಾಜಲು ಸವೆದರೆ ಅದು ದೊಡ್ಡ ಹನಿಗಳಾಗಿ ಸುರಿದು, ಕೆಲವು ಕಾಯಿ ತೊಯ್ದು ಕೆಲವು ಒಣಗಿಯೇ ಉಳಿಯುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಆಗುವುದೂ ಇದೇ. ಸಿಲಿಂಡರಿನ ಒಳಗೆ ಒತ್ತಲ್ಪಟ್ಟು ಕಾದ ಗಾಳಿಯೊಳಕ್ಕೆ ಡೀಸೆಲನ್ನು ಸಿಂಪಡಿಸಬೇಕು. ಹನಿ ಸಣ್ಣದಾದಷ್ಟೂ ಪೂರ್ತಿ ಉರಿಯುತ್ತದೆ. ಹನಿ ದೊಡ್ಡದಾದರೆ ಮೇಲ್ಮೈ ಉರಿದು ಒಳಗಿನದು ಮಸಿಯಾಗಿ ಹೊರಬರುತ್ತದೆ. ನಮ್ಮ ಏರುದಾರಿಗಳಲ್ಲಿ ಕಾಣುವ ಕಪ್ಪು ಹೊಗೆ ಎಂದರೆ ಅರೆಬೆಂದ ಡೀಸೆಲ್.

ಯಾಂತ್ರಿಕ ಪಂಪಿನಲ್ಲಿ ಎಂಜಿನ್ನಿನ ಗಿಯರೇ ಪಂಪನ್ನು ತಿರುಗಿಸುತ್ತದೆ. ಸಾಲುಪಂಪಾದರೆ ಪ್ರತಿ ಸಿಲಿಂಡರಿಗೆ ಒಂದರಂತೆ ಉಕ್ಕಿನ ಕಡ್ಡಿಗಳಿರುತ್ತವೆ. ಗ್ಯಾರೇಜಿನ ಭಾಷೆಯಲ್ಲಿ ಎಲಿಮೆಂಟು. ಆ ಕಡ್ಡಿಯ ಮೈಮೇಲೆ ಓರೆಯಾದ ಒಂದು ಗಾಡಿ ಕೊರೆದಿರುತ್ತಾರೆ. ಆಕ್ಸಿಲರೇಟರ್ ತುಳಿದಾಗ ಹಲ್ಲಿನ ಪಟ್ಟಿಯೊಂದು ಸರಿದು ಕಡ್ಡಿಯನ್ನು ತುಸು ತಿರುಗಿಸುತ್ತದೆ. ತಿರುಗಿದಷ್ಟು ಡೀಸೆಲ್ ಹೆಚ್ಚು ಅಥವಾ ಕಡಿಮೆ ಹೋಗುತ್ತದೆ. ವೇಗ ಮಿತಿಮೀರದಂತೆ ತಿರುಗುವ ತೂಕಗಳ ಗವರ್ನರ್ ಕಾಯುತ್ತದೆ. ನಾಜಲು ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಂಡಿರುತ್ತದೆ. ಸುಮಾರು 200 ಬಾರ್ ಒತ್ತಡ ಬಂದಾಗ ತಾನೇ ಬಾಯಿ ತೆರೆಯುತ್ತದೆ. (ಕಾರಿನ ಚಕ್ರದ ಗಾಳಿ ಎರಡು ಬಾರ್‌ಗಿಂತ ತುಸು ಹೆಚ್ಚು ಎಂದು ನೆನಪಿಟ್ಟರೆ ಅಳತೆ ತಿಳಿಯುತ್ತದೆ.) ಇಲ್ಲಿ ಎಲ್ಲವೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಂಗತಿ. ಬ್ಯಾಟರಿ ಸತ್ತರೂ ಇಳಿಜಾರಿನಲ್ಲಿ ತಳ್ಳಿ ಗಾಡಿ ಹೊರಡಿಸಬಹುದು.

ಕಾಮನ್ ರೈಲ್ ಎಂಬ ಹೊಸ ವ್ಯವಸ್ಥೆಯಲ್ಲಿ ಪಂಪಿನ ಕೆಲಸ ಒತ್ತಡವನ್ನು ಸೃಷ್ಟಿಸುವುದಷ್ಟೇ. 1000ದಿಂದ 2000 ಬಾರ್‌ವರೆಗಿನ ಒತ್ತಡದಲ್ಲಿ ಡೀಸೆಲ್ ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಕಾದು ಕುಳಿತಿರುತ್ತದೆ. ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಎಂಬುದನ್ನು ಗಣಕವೊಂದು ನಿರ್ಧರಿಸಿ ವಿದ್ಯುತ್ತಿನ ಸನ್ನೆಯಿಂದ ಇಂಜೆಕ್ಟರನ್ನು ತೆರೆಯುತ್ತದೆ. ಮುಖ್ಯ ಸಿಂಪರಣೆಗೆ ಮೊದಲು ಒಂದು ಪುಟ್ಟ ಸಿಂಪರಣೆ ಕೊಟ್ಟು ಎಂಜಿನ್ನಿನ ಬಡಿತವನ್ನು ಮೆದುವಾಗಿಸುತ್ತದೆ. ಹನಿ ಅತಿ ಸೂಕ್ಷ್ಮ, ಹೊಗೆ ಕಡಿಮೆ, ಮೈಲೇಜು ಉತ್ತಮ. ಇದಕ್ಕೆ ತೆರುವ ಬೆಲೆಯೂ ಇದೆ. ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನುಗಳಷ್ಟು. ಒತ್ತಡ ಅಳೆಯುವ ಒಂದು ಸೆನ್ಸರ್ ಅನುಮಾನ ಪಟ್ಟರೆ ಸಾಕು, ಗಣಕವು ಎಂಜಿನ್ನಿನ ಶಕ್ತಿಯನ್ನು ಇಳಿಸುತ್ತದೆ, ಇಲ್ಲವೇ ನಿಲ್ಲಿಸಿಬಿಡುತ್ತದೆ. ಏಕೆ ನಿಲ್ಲಿಸಿತೆಂದು ಚಾಲಕನಿಗೆ ಹೇಳುವುದಿಲ್ಲ. ಸ್ಕ್ಯಾನರ್ ಹಿಡಿದು ಬಂದವನಿಗೆ ಮಾತ್ರ ಹೇಳುತ್ತದೆ. ಸ್ಕ್ಯಾನರ್ ಶಿವಮೊಗ್ಗದಲ್ಲಿದೆ, ಗಾಡಿ ನಮ್ಮೂರ ಏರಿನಲ್ಲಿದೆ.

ಹೀಗಿರುವಾಗ ಹಳೆಯ ಪಂಪಿನ ಕಡೆಗೆ ಮನಸ್ಸು ಎಳೆಯುವುದು ಸಹಜ. ನನ್ನ ಮನಸ್ಸೂ ಎಳೆಯುತ್ತದೆ, ಮುಚ್ಚಿಡುವುದಿಲ್ಲ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಪಂಪಿನ ತಯಾರಿಕೆಯನ್ನು ಆರಂಭಿಸಿತು. ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ 1950ರ ದಶಕದಲ್ಲೇ ಕೆಲಸ ಆರಂಭಿಸಿ ಈ ವಿದ್ಯೆಯನ್ನು ದೇಶಕ್ಕೆಲ್ಲ ಹಂಚಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತಾದರೂ ಗ್ಯಾರೇಜುಗಳಲ್ಲಿ ಅದು ಇಂದಿಗೂ ಮೈಕೋ ಪಂಪೇ. ಎರಡು ಮೂರು ತಲೆಮಾರಿನ ಕುಶಲಕರ್ಮಿಗಳು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆಯೂ ಈ ಪಂಪನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಅನ್ನ ಕಂಡುಕೊಂಡರು. ಹೊಸ ವ್ಯವಸ್ಥೆ ಬಂದಾಗ ಹಳ್ಳಿಯ ಗ್ಯಾರೇಜು ಕಳೆದುಕೊಂಡದ್ದು ಒಂದು ಬಿಡಿಭಾಗವನ್ನಲ್ಲ, ಈ ವಿದ್ಯೆಯನ್ನು.

ನಮ್ಮ ಚಳವಳಿಯ ಗೆಳೆಯರಿಗೆ ಇನ್ನೂ ಒಂದು ವಾದವಿದೆ. 2000ದ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದಾಗ ನಾವೆಲ್ಲ ಹುರುಪಿನಿಂದ ಹೊಂಗೆ ಸಸಿ ನೆಟ್ಟಿದ್ದೆವು. ಹೊಂಗೆ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಅಂಥ ಎಣ್ಣೆಯನ್ನು ಹಳೆಯ ಯಾಂತ್ರಿಕ ಪಂಪು ಒಂದಿಷ್ಟು ಗೊಣಗಿಕೊಂಡಾದರೂ ನುಂಗೀತು. ಕಾಮನ್ ರೈಲ್ ನುಂಗಲಾರದು. ನಮ್ಮ ಬೇಲಿಯ ಮರದಿಂದ ನಮ್ಮ ಗಾಡಿ ಓಡುವ ಕನಸಿಗೆ ಹಳೆಯ ಪಂಪೇ ಬಾಗಿಲು ಎಂಬುದು ಅವರ ಮಾತು. ಕನಸನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು, ಆ ಒಂದು ಲೀಟರಿನಲ್ಲಿ ತುಂಬಿದ ಪಿಕಪ್ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಹೆಚ್ಚು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಎಷ್ಟು ಬೀಜ ಹೆಕ್ಕಬೇಕೆಂದು ನಮ್ಮ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಹೊಂಗೆಯನ್ನು ಊರಿನ ಒಂದು ಜನರೇಟರಿಗೆ, ಒಂದು ಹಿಟ್ಟಿನ ಗಿರಣಿಗೆ ನಂಬಬಹುದು. ಅದರ ಹೆಸರಿನಲ್ಲಿ ದಿನಬಳಕೆಯ ಪಿಕಪ್‌ಗಳ ಪಂಪು ಬದಲಿಸುವುದು ಸರಿಯಾದ ಲೆಕ್ಕವಲ್ಲ.

ಪರಿವರ್ತನೆಯ ಈ ಗಾಳಿ ಎಲ್ಲಿಂದ ಬೀಸಿತೆಂದು ಹುಡುಕಿದರೆ ದಾರಿ ಅಮೆರಿಕಕ್ಕೆ ಹೋಗುತ್ತದೆ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವ ವಿಡಿಯೋಗಳಲ್ಲಿ ಬಹಳಷ್ಟು ಅಲ್ಲಿಯ ಡಾಡ್ಜ್ ರ‍್ಯಾಮ್ ಎಂಬ ಪಿಕಪ್ಪಿನವು. ಅದರ 5.9 ಲೀಟರಿನ, ಆರು ಸಿಲಿಂಡರಿನ ಕಮಿನ್ಸ್ ಎಂಜಿನ್ನಿಗೆ 1994ರ ಮಾದರಿಯಿಂದ 1998ರ ಆರಂಭದವರೆಗೆ ಪಿ-7100 ಎಂಬ ಗಟ್ಟಿಯಾದ ಸಾಲುಪಂಪು ಇತ್ತು. 1998ರ ನಡುವಿನಿಂದ 2002ರವರೆಗೆ ವಿಪಿ-44 ಎಂಬ ಎಲೆಕ್ಟ್ರಾನಿಕ್ ನಿಯಂತ್ರಣದ ರೋಟರಿ ಪಂಪು ಬಂತು. 2003ರಿಂದ ಕಾಮನ್ ರೈಲ್. ನಡುವಿನ ವಿಪಿ-44 ಪಂಪು ಕೈಕೊಡುವುದಕ್ಕೆ ಹೆಸರಾಯಿತು. ಆಗ ಜನ ಅದನ್ನು ಕಿತ್ತು ಹಿಂದಿನ ಪಿ-7100 ಪಂಪನ್ನು ಕೂರಿಸತೊಡಗಿದರು.

ಈ ವಿಡಿಯೋಗಳನ್ನು ನೋಡುವವರು ಎರಡು ಸಂಗತಿಗಳನ್ನು ಗಮನಿಸುವುದಿಲ್ಲ. ಮೊದಲನೆಯದು, ಅಲ್ಲಿ ಒಂದೇ ಎಂಜಿನ್ನಿನ ಅಣ್ಣತಮ್ಮಂದಿರ ನಡುವೆ ಭಾಗಗಳ ಅದಲುಬದಲು ನಡೆಯಿತು. ಅಣ್ಣನ ಗಿಯರ್ ಪೆಟ್ಟಿಗೆ, ಪೈಪುಗಳು ತಮ್ಮನಿಗೆ ಹೊಂದಿದವು. ಮಿಗಿಲಾಗಿ ವಿಪಿ-44 ಪಂಪಿನ ಎಂಜಿನ್ನಿನಲ್ಲೂ ನಾಜಲುಗಳು ಒತ್ತಡಕ್ಕೆ ತಾವೇ ತೆರೆಯುವ ಹಳೆಯ ಬಗೆಯವೇ ಆಗಿದ್ದವು. ನಮ್ಮಲ್ಲಿ ಬದಲಿಸಲು ಹೊರಟಿರುವುದು ಕಾಮನ್ ರೈಲನ್ನು. ಅದರ ಇಂಜೆಕ್ಟರು ಗಣಕದ ಸನ್ನೆಯಿಲ್ಲದೆ ಬಾಯಿ ತೆರೆಯುವುದೇ ಇಲ್ಲ. ಎರಡನೆಯದು, ವಿಪಿ-44 ಪಂಪು ಸಾಯುತ್ತಿದ್ದ ಕಾರಣ. ಅದಕ್ಕೆ ತಂಪೂ ಜಾರುವಿಕೆಯೂ ಒದಗುವುದು ಅದರೊಳಗೆ ಹರಿಯುವ ಡೀಸೆಲಿನಿಂದಲೇ. ಟ್ಯಾಂಕಿನಿಂದ ಡೀಸೆಲ್ ತಳ್ಳುವ ಸಣ್ಣ ಪಂಪು ಸೋತಾಗ ದೊಡ್ಡ ಪಂಪು ಬಾಯಾರಿ ಸವೆಯುತ್ತಿತ್ತು. ಆ ಸಣ್ಣ ಪಂಪನ್ನು ಉತ್ತಮಪಡಿಸಿ, ಒತ್ತಡ ತೋರಿಸುವ ಒಂದು ಗೇಜನ್ನು ಜೋಡಿಸಿಕೊಂಡವರು ಅದೇ ವಿಪಿ-44ರಲ್ಲಿ ಬಹುಕಾಲ ಓಡಿಸಿದ್ದಾರೆ. ರೋಗವಿದ್ದದ್ದು ಪಂಪಿಗೆ ಬರುವ ಡೀಸೆಲಿನಲ್ಲಿ. ಈ ಮಾತನ್ನು ಓದುಗರು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಬೇಕು.

ಅಲ್ಲಿಯದೇ ಇನ್ನೊಂದು ಕಥೆಯನ್ನೂ ಹೇಳಬೇಕು. ಡೀಸೆಲ್ ಪಿಕಪ್ಪಿನ ಹೊಗೆ ತಡೆಯುವ ಸಾಧನಗಳನ್ನು ಕಿತ್ತುಹಾಕುವುದು ಅಮೆರಿಕದಲ್ಲಿ ಒಂದು ಗೀಳಾಗಿ ಬೆಳೆಯಿತು. 2020ರಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯು ಅದಕ್ಕೆ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಪಿಕಪ್‌ಗಳಲ್ಲಿ ಹೀಗಾಗಿದೆ ಎಂದು ಅಂದಾಜು ಮಾಡಿತು. ಆ ಗಾಡಿಗಳು ಹೆಚ್ಚುವರಿಯಾಗಿ ಉಗುಳುವ ವಿಷವು 90 ಲಕ್ಷ ಪಿಕಪ್‌ಗಳನ್ನು ರಸ್ತೆಗೆ ಹೊಸದಾಗಿ ಇಳಿಸಿದ್ದಕ್ಕೆ ಸಮ ಎಂದೂ ಹೇಳಿತು. ಒಬ್ಬೊಬ್ಬರು ತಮ್ಮ ತಮ್ಮ ಗ್ಯಾರೇಜಿನಲ್ಲಿ ತಮ್ಮ ಅನುಕೂಲಕ್ಕೆ ಮಾಡಿಕೊಂಡ ಸಣ್ಣ ಬದಲಾವಣೆಯ ಮೊತ್ತವಿದು.

ಈಗ ನಮ್ಮ ಗಾಡಿಗೆ ಬರೋಣ. ಕಾಮನ್ ರೈಲ್ ಎಂಜಿನ್ನಿಗೆ ಹಳೆಯ ಪಂಪು ಕೂರಿಸುವುದೆಂದರೆ ಪಂಪೊಂದನ್ನು ಬಿಚ್ಚಿ ಇನ್ನೊಂದನ್ನು ಬಿಗಿಯುವುದಲ್ಲ. ಇಂಜೆಕ್ಟರುಗಳು ಹೋಗಬೇಕು, ಅವುಗಳ ಜಾಗದಲ್ಲಿ ಹಳೆಯ ನಾಜಲು ಹೊಂದಬೇಕು. ಯಾಂತ್ರಿಕ ಪಂಪು ಎಂಜಿನ್ನಿನ ಅರ್ಧ ವೇಗದಲ್ಲಿ, ಕ್ಷಣ ತಪ್ಪದ ಟೈಮಿಂಗಿನಲ್ಲಿ ತಿರುಗಲೇಬೇಕು. ಕಾಮನ್ ರೈಲ್ ಪಂಪಿನ ಗಿಯರಿಗೆ ಆ ಕಟ್ಟುಪಾಡಿಲ್ಲದ ಕಾರಣ ಗಿಯರನ್ನೂ ಬದಲಿಸಬೇಕಾಗಬಹುದು. ಪೆಡಲಿನ ತಂತಿಗೆ ಬದಲಾಗಿ ಕೇಬಲ್ ಎಳೆಯಬೇಕು. ಎಂಜಿನ್ ನಿಲ್ಲಿಸಲು ಬೇರೆ ಏರ್ಪಾಡು ಬೇಕು. ಟರ್ಬೊವನ್ನು ಗಣಕವೇ ನಿಯಂತ್ರಿಸುವ ಗಾಡಿಯಾದರೆ ಅದೂ ಅನಾಥ. ಇಷ್ಟೆಲ್ಲ ಮಾಡಿದರೂ ಬದಲಾಗದೆ ಉಳಿಯುವುದು ಪಿಸ್ಟನ್ನಿನ ತಲೆಯ ಮೇಲಿನ ಬಟ್ಟಲು. ಅದರ ಆಕಾರವನ್ನು ಸಾವಿರಾರು ಬಾರ್ ಒತ್ತಡದ ಮಂಜಿಗಾಗಿ ರೂಪಿಸಿರುತ್ತಾರೆ; ಅದರೊಳಕ್ಕೆ ಈಗ ಹಳೆಯ ನಾಜಲಿನ ದೊಡ್ಡ ಹನಿ ಬೀಳುತ್ತದೆ. ಹಳೆಯ ಯಾಂತ್ರಿಕ ಗಾಡಿಗಿಂತಲೂ ಹೆಚ್ಚು ಹೊಗೆಯುಗುಳುವ ಒಂದು ಸಂಕರ ತಳಿಯನ್ನು ನಾವು ಹುಟ್ಟಿಸುತ್ತೇವೆ. ಕಸಿ ಕಟ್ಟುವವರಿಗೆ ನಾನು ಹೇಳುವ ಮಾತೇ ಇಲ್ಲಿಯೂ: ಬೇರಿಗೂ ಕೊಂಬೆಗೂ ಹೊಂದಾಣಿಕೆ ಇಲ್ಲದಿದ್ದರೆ ಗಿಡ ಚಿಗುರಿದಂತೆ ಕಂಡರೂ ನಿಲ್ಲದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ತೊಡಕು ಇನ್ನೂ ಹೆಚ್ಚು. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದರಲ್ಲಿ ತುಂಬಿದ ಮಸಿಯನ್ನು ಆಗಾಗ ಸುಡಲು ಗಣಕವೇ ತಡವಾಗಿ ಒಂದಿಷ್ಟು ಡೀಸೆಲ್ ಸಿಂಪಡಿಸಿ ಶಾಖ ಹೆಚ್ಚಿಸಬೇಕು. ಗಣಕವನ್ನು ಕಿತ್ತರೆ ಜಾಲರಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡ ಮೇಲೆ ಅದನ್ನೂ ಕಿತ್ತೊಗೆಯುತ್ತಾರೆ. ಇಲ್ಲಿ ಕಂಪನಿಗಳಿಗೆ ಒಂದು ಮಾತು ಹೇಳಲೇಬೇಕು. ತೋಟದಿಂದ ಡೈರಿಗೆ, ಡೈರಿಯಿಂದ ಮನೆಗೆ ಎರಡನೇ ಗಿಯರಿನಲ್ಲಿ ಓಡುವ ಗಾಡಿಯಲ್ಲಿ ಈ ಜಾಲರಿ ಸುಡುವಷ್ಟು ಕಾಯುವುದೇ ಕಷ್ಟ. ಹೆದ್ದಾರಿಯ ಓಟಕ್ಕೆ ಹೊಂದುವ ವ್ಯವಸ್ಥೆಯನ್ನು ಘಾಟಿಯ ಓಟಕ್ಕೂ ಮಾರಿ, ಕೆಟ್ಟಾಗ ಚಾಲಕನನ್ನು ದೂರುವುದು ನ್ಯಾಯವಲ್ಲ.

ಹೊಗೆಯ ಲೆಕ್ಕವನ್ನು ಅಂಕಿಯಲ್ಲೇ ನೋಡಬೇಕು. ದೊಡ್ಡ ಪಿಕಪ್‌ಗಳ ವರ್ಗಕ್ಕೆ 2010ರಲ್ಲಿ ದೇಶದಾದ್ಯಂತ ಬಂದ ಬಿಎಸ್-3 ಮಾನಕದಲ್ಲಿ ಕಿಲೋಮೀಟರಿಗೆ 0.10 ಗ್ರಾಂ ಮಸಿಕಣಕ್ಕೆ ಅವಕಾಶವಿತ್ತು. 2017ರ ಏಪ್ರಿಲ್‌ನಲ್ಲಿ ಎಲ್ಲೆಡೆ ಜಾರಿಯಾದ ಬಿಎಸ್-4ರಲ್ಲಿ 0.06 ಗ್ರಾಂ. ಬಿಎಸ್-6ರಲ್ಲಿ 0.0045 ಗ್ರಾಂ, ಅಂದರೆ ಬಿಎಸ್-3ರ ಇಪ್ಪತ್ತರಲ್ಲಿ ಒಂದಂಶಕ್ಕೂ ಕಡಿಮೆ. ನೈಟ್ರೋಜನ್ ಆಕ್ಸೈಡುಗಳ ಮಿತಿ ಇದೇ ಹಾದಿಯಲ್ಲಿ 0.78ರಿಂದ 0.39ಕ್ಕೆ, ಅಲ್ಲಿಂದ 0.125 ಗ್ರಾಮಿಗೆ ಇಳಿದಿದೆ. ಇವು ಹೊಸ ಗಾಡಿಯ ಪ್ರಯೋಗಾಲಯದ ಮಿತಿಗಳು. ನಮ್ಮ ಏರಿನಲ್ಲಿ, ಎರಡು ಟನ್ ಗೊಬ್ಬರ ಹೇರಿದಾಗ ಲೆಕ್ಕ ಬೇರೆಯೇ. ಆದರೂ ದಿಕ್ಕು ಸ್ಪಷ್ಟ. ಪಂಪು ಬದಲಿಸಿದ ದಿನ ಗಾಡಿ ಈ ಏಣಿಯ ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ಜಾರುತ್ತದೆ.

ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರ ಜೂನ್‌ನಲ್ಲಿ ತೀರ್ಮಾನಿಸಿ ಅದನ್ನು ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ ಇರುವುದೂ ಆ ಗುಂಪಿನಲ್ಲೇ. ನಮ್ಮಲ್ಲಿ ವಾಹನ ಕಡಿಮೆ, ಕಾಡು ಹೆಚ್ಚು, ಗಾಳಿ ಶುದ್ಧ ಎಂದು ನಾವು ನಂಬಿಕೊಂಡಿದ್ದೇವೆ. ಆದರೆ ಮಾಗಿಯ ಬೆಳಗಿನಲ್ಲಿ ಕಣಿವೆಯೊಳಗೆ ತಣ್ಣನೆಯ ಗಾಳಿ ಮಂಜಿನ ಮುಚ್ಚಳ ಹಾಕಿಕೊಂಡು ಕುಳಿತಿರುವಾಗ ಹೊಗೆ ಮೇಲೇರುವುದಿಲ್ಲ. ಅದೇ ಹೊತ್ತಿಗೆ ಹಾಲಿನ ಗಾಡಿ ಬರುತ್ತದೆ, ಅದೇ ತಿರುವಿನಲ್ಲಿ ಮಕ್ಕಳು ಶಾಲೆಯ ಬಸ್ಸಿಗೆ ಕಾಯುತ್ತಾರೆ. ಏರಿನಲ್ಲಿ ಗಾಡಿ ಹೆಚ್ಚು ಹೊಗೆಯುಗುಳುವ ಜಾಗ ಅದೇ. ಕೂಲಿಗೆ ಹೋಗುವ ಹೆಂಗಸರು ಪಿಕಪ್ಪಿನ ಹಿಂದೆ ನಿಂತು ಹೋಗುವುದನ್ನು ಕಾನೂನು ಒಪ್ಪದಿದ್ದರೂ ನಾವೆಲ್ಲ ದಿನವೂ ನೋಡುತ್ತೇವೆ. ಹೊಗೆಕೊಳವೆ ಅವರ ಕಾಲ ಕೆಳಗೇ ಇರುತ್ತದೆ. ಕಳೆದ ಚಳಿಗಾಲ ನಮ್ಮ ವಿದ್ಯಾರ್ಥಿಗಳು ಏರಿನ ಪಕ್ಕದ ಗಿಡಗಳ ಎಲೆಗಳನ್ನು ಬಿಳಿ ಬಟ್ಟೆಯಿಂದ ಒರೆಸಿ ಕಪ್ಪು ತೋರಿಸಿದರು. ಅದನ್ನು ಪುರಾವೆಯೆಂದು ಇಲ್ಲಿ ಅಚ್ಚು ಹಾಕಲು ನಾನು ಒಪ್ಪಲಿಲ್ಲ. ರಸ ಹೀರುವ ಕೀಟಗಳ ಅಂಟಿನ ಮೇಲೆ ಬೆಳೆಯುವ ಕಪ್ಪು ಬೂಷ್ಟೂ ಬಟ್ಟೆಗೆ ಹಾಗೆಯೇ ಹತ್ತುತ್ತದೆ. ಹೊಗೆಯ ಮೇಲೆ ದೂರು ಕೊಡುವವರು ಕೀಟದ ಪಾಪವನ್ನು ಅದರ ತಲೆಗೆ ಕಟ್ಟಬಾರದಲ್ಲ!

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಪಿಕಪ್ ಸರಕು ವಾಹನವಾದ್ದರಿಂದ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯಲು ಬಾನೆಟ್ ಎತ್ತಿದರೆ ಸಾಕು. "ನಿನ್ನ ಜವಾಬ್ದಾರಿ" ಎಂದು ಹೇಳಿ ಪಂಪು ಕೂರಿಸುವ ಗ್ಯಾರೇಜಿನವರು ಆ ದಿನ ಪಕ್ಕದಲ್ಲಿ ನಿಲ್ಲುವುದಿಲ್ಲ.

ಇನ್ನು ಆ ರಾತ್ರಿ ನಿಂತ ಗಾಡಿಯ ವಿಚಾರ. ಅದನ್ನು ಮರುದಿನ ಶಿವಮೊಗ್ಗಕ್ಕೆ ಎಳೆದೊಯ್ದರು. ಸರ್ವಿಸ್ ಸೆಂಟರಿನವರು ಪಂಪನ್ನೂ ನಾಲ್ಕೂ ಇಂಜೆಕ್ಟರುಗಳನ್ನೂ ಬದಲಿಸಿದರು. ಒಂದು ವರ್ಷದ ಕಾಳುಮೆಣಸಿನ ಹಣ ಅಲ್ಲಿಗೆ ಹೋಯಿತು. ತೆಗೆದ ಹಳೆಯ ಡೀಸೆಲ್ ಫಿಲ್ಟರನ್ನು ಮಾಲೀಕರು ಹಟ ಹಿಡಿದು ವಾಪಸು ತಂದಿದ್ದರು. ನಾನದನ್ನು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಕೆಳಗೆ ಎರಡು ಬೆರಳು ನೀರು, ನಡುವೆ ಕಂದು ಬಣ್ಣದ ಲೋಳೆ, ಮೇಲೆ ಡೀಸೆಲ್. ಫಲಕದಲ್ಲಿ ಹಳದಿ ದೀಪವೊಂದು ಅದಕ್ಕೆ ಒಂದು ವಾರ ಮೊದಲಿನಿಂದಲೇ ಮಿನುಗುತ್ತಿತ್ತಂತೆ. ಅದು ನೀರು ಸೇರಿದೆ ಎಂಬ ಎಚ್ಚರಿಕೆ ಎಂದು ಹೇಳುವ ಪುಸ್ತಕ ಗಾಡಿಯಲ್ಲೇ ಇತ್ತು, ಇಂಗ್ಲಿಷಿನಲ್ಲಿ. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿದಿದ್ದರೆ ಅಂದು ರಾತ್ರಿ ಗಾಡಿ ನಿಲ್ಲುತ್ತಿರಲಿಲ್ಲವೆಂದೇ ನನ್ನ ಬಲವಾದ ಊಹೆ.

ನೀರು ಬಂದದ್ದೆಲ್ಲಿಂದ? ನಮ್ಮೂರಿಗೆ ಬಂಕು ದೂರ. ಬ್ಯಾರಲಿನಲ್ಲಿ ಡೀಸೆಲ್ ತಂದು ಕೊಟ್ಟಿಗೆಯ ಪಕ್ಕದಲ್ಲಿಡುವುದು ಮಾಮೂಲು. ಅರ್ಧ ಖಾಲಿಯಾದ ಬ್ಯಾರಲ್ ಹಗಲು ಕಾದು ಗಾಳಿ ಬಿಡುತ್ತದೆ, ರಾತ್ರಿ ತಣಿದು ಮಳೆಗಾಲದ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಒಳಗೋಡೆಯ ಮೇಲೆ ನೀರು ಬೆವರಿ ತಳಕ್ಕಿಳಿಯುತ್ತದೆ. ನೀರು ಮತ್ತು ಡೀಸೆಲಿನ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆ ಲೋಳೆಯಾಗುತ್ತದೆ. ಬಂಕಿನಿಂದ ಬರುವ ಡೀಸೆಲಿನಲ್ಲಿ ಕಿಲೋಗ್ರಾಮಿಗೆ 200 ಮಿಲಿಗ್ರಾಂಗಿಂತ ಹೆಚ್ಚು ನೀರಿರಬಾರದೆಂದು ಮಾನಕ ಹೇಳುತ್ತದೆ. ನಮ್ಮ ಬ್ಯಾರಲಿನ ತಳಕ್ಕೆ ಯಾವ ಮಾನಕವೂ ಇಲ್ಲ. ಹಳೆಯ ಪಂಪು ಈ ನೀರನ್ನು ಸಹಿಸುತ್ತದೆ ಎಂಬುದೂ ಅರ್ಧ ಸತ್ಯವೇ. ಅದರ ಎಲಿಮೆಂಟೂ ತುಕ್ಕು ಹಿಡಿದು ಸವೆಯುತ್ತದೆ, ನಿಧಾನವಾಗಿ, ಹೊಗೆಯ ರೂಪದಲ್ಲಿ ಸೂಚನೆ ಕೊಡುತ್ತಾ. ಅಮೆರಿಕದ ವಿಪಿ-44ರ ಕಥೆಯನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಆದ್ದರಿಂದ ಆ ಮಾಲೀಕರಿಗೆ ನನ್ನ ಉತ್ತರ, ಬದಲಿಸಬೇಡಿ ಎಂದು. ಇದನ್ನು ಹಳೆಯ ಗಾಡಿಯವರ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು. ಕಾರ್ಖಾನೆಯಿಂದಲೇ ಯಾಂತ್ರಿಕ ಪಂಪಿನೊಂದಿಗೆ ಬಂದ ಗಾಡಿಗಳು ನಮ್ಮಲ್ಲಿ ಇನ್ನೂ ಇವೆ. ಆ ರಾತ್ರಿ ರೋಗಿಯನ್ನು ಉಳಿಸಿದ್ದು ಅಂಥದ್ದೇ. ಅದರ ಪಂಪು ಅದಕ್ಕೇ ಹುಟ್ಟಿದ್ದು, ಇರಲಿ. ಆದರೆ ಅಷ್ಟು ಕಪ್ಪು ಹೊಗೆ ಅದರ ಹುಟ್ಟುಗುಣವಲ್ಲ. ಪಂಪಿನ ಮೇಲೆ ಗರಿಷ್ಠ ಡೀಸೆಲನ್ನು ಮಿತಿಗೊಳಿಸುವ, ಸೀಲು ಹಾಕಿದ ಒಂದು ತಿರುಪಿರುತ್ತದೆ. "ಎಳೆತ ಜಾಸ್ತಿ ಮಾಡಿ ಕೊಡ್ತೀನಿ" ಎಂದು ಆ ಸೀಲನ್ನು ಒಡೆದು ತಿರುಪನ್ನು ತಿರುಗಿಸಿದವರು ನಮ್ಮಲ್ಲೇ ಇದ್ದಾರೆ. ಪಂಪನ್ನು ಪಟ್ಟಣದ ಪರೀಕ್ಷಾ ಯಂತ್ರದ ಮೇಲಿಟ್ಟು ಕ್ಯಾಲಿಬ್ರೇಶನ್ ಮಾಡಿಸಿ, ನಾಜಲುಗಳನ್ನು ಪರೀಕ್ಷಿಸಿ, ಏರ್ ಫಿಲ್ಟರ್ ಶುಚಿಯಾಗಿಟ್ಟರೆ ಆ ಹೊಗೆಯ ದೊಡ್ಡ ಪಾಲು ಇಳಿಯುತ್ತದೆ, ಡೀಸೆಲೂ ಉಳಿಯುತ್ತದೆ.

ಹೊಸ ಗಾಡಿಯವರ ನಿಜವಾದ ಜಗಳ ಪಂಪಿನ ಜೊತೆಗಲ್ಲ, ಬೀಗದ ಜೊತೆಗೆ. ಗಾಡಿ ನಮ್ಮದು, ಅದರೊಳಗಿನ ಮಾಹಿತಿ ಕಂಪನಿಯದು. ಅಗ್ಗದ ಸ್ಕ್ಯಾನರ್ ಕೆಲವು ದೋಷಸಂಖ್ಯೆಗಳನ್ನು ಓದುತ್ತದೆ ನಿಜ. ಆದರೆ ಹೊಸ ಇಂಜೆಕ್ಟರಿನ ಸಂಕೇತವನ್ನು ಗಣಕಕ್ಕೆ ಉಣಿಸುವಂಥ ಕೆಲಸಕ್ಕೆ ಕಂಪನಿಯ ಬಾಗಿಲನ್ನೇ ತಟ್ಟಬೇಕಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಈ ಮಾಹಿತಿಯನ್ನು ಎಲ್ಲ ಗ್ಯಾರೇಜುಗಳಿಗೂ ತೆರೆಯಬೇಕೆಂದು ಮತ ಹಾಕಿ ಗೆದ್ದರು. ಯುರೋಪಿನಲ್ಲಿ 2007ರ ನಿಯಮವೊಂದು ಹೊಗೆಯ ಮಿತಿಯನ್ನೂ ದುರಸ್ತಿಯ ಮಾಹಿತಿಯನ್ನೂ ಒಂದೇ ಕಾಗದದಲ್ಲಿ ಕಟ್ಟಿಹಾಕಿತು: ಹೊಗೆ ಕಡಿಮೆ ಮಾಡಿ, ದುರಸ್ತಿಯ ವಿದ್ಯೆಯನ್ನೂ ಹಂಚಿ ಎಂದು. ನಮ್ಮಲ್ಲಿ ಮಿತಿ ಬಂದಷ್ಟು ವೇಗದಲ್ಲಿ ವಿದ್ಯೆ ಬರಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಕೃಷಿಯಂತ್ರಗಳನ್ನೂ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ನಮ್ಮ ಪೇಟೆಯ ಗ್ಯಾರೇಜುಗಳಲ್ಲಿ ವಿಚಾರಿಸಿದೆ. ಅದರ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ.

ಬಳಗದ ಮುಂದಿನ ಸಭೆಯಲ್ಲಿ ನಾನು ಎರಡು ಪ್ರಸ್ತಾಪಗಳನ್ನಿಡುತ್ತೇನೆ. ಆರೇಳು ಊರುಗಳ ಪಿಕಪ್ ಮಾಲೀಕರು ಕೂಡಿ ಒಂದು ಒಳ್ಳೆಯ ಸ್ಕ್ಯಾನರ್ ಕೊಂಡು, ಐ.ಟಿ.ಐ. ಓದಿದ ನಮ್ಮೂರಿನ ಇಬ್ಬರು ಹುಡುಗರಿಗೆ ಅದರ ತರಬೇತಿ ಕೊಡಿಸಬೇಕು. ಬೋರ್ಡೋ ಸಿಂಪರಣೆಯ ಯಂತ್ರವನ್ನು ಒಟ್ಟಾಗಿ ಕೊಂಡವರಿಗೆ ಇದು ಹೊಸದೇನಲ್ಲ. ಹಾಗೆಯೇ ಫಲಕದ ದೀಪಗಳ ಅರ್ಥವನ್ನು ಚಿತ್ರಸಹಿತ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಪ್ರತಿ ಗಾಡಿಗೂ ಅಂಟಿಸಬೇಕು. ಆ ಹಾಳೆಯ ಕರಡನ್ನು ವಿದ್ಯಾರ್ಥಿಗಳು ಸಿದ್ಧಪಡಿಸುತ್ತಿದ್ದಾರೆ.

ಪಂಪು ಬದಲಿಸಲು ಹೊರಟಿದ್ದ ಮಾಲೀಕರು ನನ್ನ ಮಾತನ್ನು ಪೂರ್ತಿ ಒಪ್ಪಿಲ್ಲ. ಸ್ಕ್ಯಾನರ್ ಬಂದ ಮೇಲೆ ನೋಡೋಣ ಎಂದಿದ್ದಾರೆ. ಅಷ್ಟರವರೆಗೆ ಸುಮ್ಮನಿರುವುದಾಗಿಯೂ ಹೇಳಿದ್ದಾರೆ. ಸಭೆಗೆ ಬರುವವರು ತಮ್ಮ ಮನೆಯ ಬ್ಯಾರಲಿನ ತಳದಿಂದ ಒಂದು ಗಾಜಿನ ಸೀಸೆಯಷ್ಟು ಡೀಸೆಲ್ ತೆಗೆದು, ಹಿಂದಿನ ರಾತ್ರಿಯೇ ಅಲುಗಾಡದಂತೆ ಇಟ್ಟು, ಹಾಗೆಯೇ ತರಬೇಕಾಗಿ ವಿನಂತಿ.